ಹೃಚ್ಛೂಲೆಯ ಇತಿಹಾಸ ಮತ್ತು ದಂತವೈದ್ಯರು

ಹೃಚ್ಛೂಲೆಯ ಇತಿಹಾಸವನ್ನು ವೈದ್ಯರೂ ಹಲ್ಲಿನ ಚಿಕಿತ್ಸೆಯ ಇತಿಹಾಸವನ್ನು ದಂತವೈದ್ಯರೂ ಬೇರೆಬೇರೆಯಾಗಿ ಓದುವುದು ರೂಢಿ. ಆದರೆ ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಇವೆರಡೂ ಒಬ್ಬನೇ ವ್ಯಕ್ತಿಯ ಬಾಳಿನಲ್ಲಿ ಕೂಡಿಕೊಂಡವು. ಆತನೇ ಶಸ್ತ್ರವೈದ್ಯ ಜಾನ್ ಹಂಟರ್. ಆತನ ನಿದರ್ಶನವು ಇಂದಿನ ದಂತವೈದ್ಯರಿಗೆ ಕಲಿಸುವ ಪಾಠವನ್ನು ನಾವು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ವಿಲಿಯಂ ಹೆಬರ್ಡನ್ 1768ರಲ್ಲಿ ಲಂಡನ್ನಿನ ವೈದ್ಯರ ರಾಯಲ್ ಕಾಲೇಜಿನಲ್ಲಿ ಓದಿ, 1772ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ವ್ಯಾಧಿಗೆ ‘ಆಂಜೈನಾ ಪೆಕ್ಟೊರಿಸ್’ ಎಂದು ಹೆಸರಿಟ್ಟನು. ನಡೆಯುವಾಗ, ಅದರಲ್ಲಿಯೂ ಏರು ಹತ್ತುವಾಗ, ಎದೆಯಲ್ಲಿ ತೋರುವ ನೋವು ನಿಂತೊಡನೆ ಅಡಗುವುದೆಂದು ಆತನು ವರ್ಣಿಸಿದನು. ಲಕ್ಷಣವು ಸ್ಪಷ್ಟವಾಯಿತು, ಕಾರಣವು ತಿಳಿಯಲಿಲ್ಲ.

ಹಂಟರನು 1771ರಲ್ಲಿ ಮಾನವದಂತಗಳ ಸ್ವರೂಪವನ್ನೂ 1778ರಲ್ಲಿ ಅವುಗಳ ರೋಗಗಳನ್ನೂ ಕುರಿತು ಗ್ರಂಥಗಳನ್ನು ಪ್ರಕಟಿಸಿ ದಂತಶಾಸ್ತ್ರಕ್ಕೆ ವೈಜ್ಞಾನಿಕ ತಳಹದಿಯನ್ನು ಹಾಕಿದನು. ಆತನೇ ಹೃಚ್ಛೂಲೆಗೆ ತುತ್ತಾದನು. ಆತನ ಶಿಷ್ಯ ಎಡ್ವರ್ಡ್ ಜೆನ್ನರ್ ಹೃದಯಕ್ಕೆ ರಕ್ತವನ್ನೊಯ್ಯುವ ಕಿರೀಟಧಮನಿಗಳು ಗಡುಸಾಗುವುದೇ ಕಾರಣವೆಂದು ಊಹಿಸಿದ್ದರೂ ಗುರುವಿನ ಮನಸ್ಸು ನೊಂದೀತೆಂದು ಅದನ್ನು ಪ್ರಕಟಿಸಲಿಲ್ಲ. ಕೋಪವೇ ಹಂಟರನ ನೋವನ್ನು ಕೆರಳಿಸುತ್ತಿತ್ತು. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಸಭೆಯಲ್ಲಿ ತನ್ನ ಮಾತಿಗೆ ವಿರೋಧ ಬರಲು ಆತನು ಕುಸಿದು ಮರಣಹೊಂದಿದನು. ಶವಪರೀಕ್ಷೆಯು ಶಿಷ್ಯನ ಊಹೆಯನ್ನು ಸಮರ್ಥಿಸಿತು: ಧಮನಿಗಳು ಎಲುಬಿನಂತೆ ಗಡುಸಾಗಿದ್ದವು.

ಇಕ್ಕಟ್ಟಾದ ಧಮನಿಯಲ್ಲಿ ವಿಶ್ರಾಂತಿಗೆ ಸಾಲುವಷ್ಟು ರಕ್ತ ಹರಿದೀತು. ಭಯ, ಕೋಪ, ನೋವುಗಳಿಂದ ಹೃದಯದ ಬಡಿತವು ಏರಿದಾಗ ಅದು ಸಾಲದು. ದಂತವೈದ್ಯರ ಕುರ್ಚಿಯಲ್ಲಿ ಭಯವೂ ನೋವೂ ಒಟ್ಟಿಗೆ ಬರುವ ಸಂಭವವುಂಟು. ಆದುದರಿಂದ ರೋಗಿಯ ಪೂರ್ವವೃತ್ತಾಂತವನ್ನು ವಿಚಾರಿಸುವುದು, ಭೇಟಿಯನ್ನು ಮೊಟಕುಗೊಳಿಸುವುದು, ನೋವನ್ನು ಪೂರ್ಣವಾಗಿ ತಡೆಯುವುದು ಅಗತ್ಯ. ಅರಿವಳಿಕೆಯೊಡನೆ ಬೆರೆಸುವ ಅಡ್ರಿನಲಿನ್ ಇಂಥವರಿಗೆ ಒಂದು ಭೇಟಿಯಲ್ಲಿ 0.04 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ನಿಯಮ. ಹೃಚ್ಛೂಲೆಯು ಕೆಲವೊಮ್ಮೆ ಕೆಳದವಡೆಯ ನೋವಾಗಿಯೇ ತೋರುವುದು. ಶ್ರಮಪಟ್ಟಾಗ ಬಂದು ವಿಶ್ರಾಂತಿಯಿಂದ ಅಡಗುವ ದವಡೆನೋವಿಗೆ ಆರೋಗ್ಯವಾದ ಹಲ್ಲನ್ನು ಕಿತ್ತರೆ ರೋಗವು ಉಳಿಯುವುದು, ಹಲ್ಲು ಹೋಗುವುದು.

1867ರಲ್ಲಿ ಲಾಡರ್ ಬ್ರಂಟನ್ ಅಮೈಲ್ ನೈಟ್ರೈಟನ್ನೂ 1879ರಲ್ಲಿ ವಿಲಿಯಂ ಮರೆಲ್ ನೈಟ್ರೋಗ್ಲಿಸರಿನನ್ನೂ ಬಳಕೆಗೆ ತಂದರು. ನಾಲಗೆಯಡಿಯಲ್ಲಿ ಇಡುವ ಈ ಎರಡನೆಯ ಮದ್ದು ಇಂದಿಗೂ ಮೊದಲ ಉಪಶಮನ. ನೋವು ಕಾಣಿಸಿದೊಡನೆ ಕೆಲಸವನ್ನು ನಿಲ್ಲಿಸಿ ರೋಗಿಯನ್ನು ಕುಳ್ಳಿರಿಸಿ ಇದನ್ನು ಕೊಡಬೇಕು; ಆದರೆ ಸಿಲ್ಡೆನಾಫಿಲ್‌ನಂಥ ಔಷಧವನ್ನು ಇತ್ತೀಚೆಗೆ ಸೇವಿಸಿದವರಿಗೆ ಕೊಡಲಾಗದು. ಐದು ನಿಮಿಷಗಳಲ್ಲಿ ನೋವು ತಗ್ಗದಿದ್ದರೆ ಹೃದಯಾಘಾತವೆಂದೇ ಬಗೆದು ತುರ್ತುಚಿಕಿತ್ಸೆಯ ನೆರವನ್ನು ಕರೆಯಬೇಕು.

ಹಂಟರನ ಕಾಲದಲ್ಲಿ ಈ ಮದ್ದುಗಳೊಂದೂ ಇರಲಿಲ್ಲ. ಅವೆಲ್ಲ ಕೈಗೆ ಬಂದಿರುವ ನಮಗೆ ರೋಗಿಯನ್ನು ಕೆರಳಿಸದಿರುವುದೂ ಹೆದರಿಸದಿರುವುದೂ ಚಿಕಿತ್ಸೆಯ ಭಾಗವೇ ಎಂದು ಆತನ ಮರಣವು ತಿಳಿಸುತ್ತದೆ.