ಹದಿನಾಲ್ಕು ತಿಂಗಳು ಕಾಣೆಯಾದ ಪರದೆ

ಒಂದೇ ಕಂಪ್ಯೂಟರಿನಲ್ಲಿ ಎರಡು ಮೂರು ಬ್ರೌಸರ್ ಇಟ್ಟುಕೊಂಡವರು ನಮ್ಮಲ್ಲಿ ಬಹಳ ಮಂದಿ. ಆದರೂ ಇಮೇಲಿನಲ್ಲಿ ಬಂದ ಕೊಂಡಿ ಒತ್ತಿದರೆ ತೆರೆದುಕೊಳ್ಳುವುದು ಒಂದೇ: ‘ಡೀಫಾಲ್ಟ್’ ಎಂದು ಗುರುತಾಗಿರುವುದು. ಆ ಜಾಗಕ್ಕಾಗಿ ಎರಡು ಖಂಡಗಳಲ್ಲಿ ವ್ಯಾಜ್ಯ ನಡೆದಿದೆ.

1994ರ ಕೊನೆಗೆ ಬಂದ ನೆಟ್‌ಸ್ಕೇಪ್ ನ್ಯಾವಿಗೇಟರ್ ಬೇಗನೆ ಜನಪ್ರಿಯವಾಯಿತು. ಮರುವರ್ಷ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಂದ ಮೈಕ್ರೋಸಾಫ್ಟ್, ಮುಂದೆ ಅದನ್ನು ವಿಂಡೋಸ್‌ನೊಳಗೇ ಸೇರಿಸಿತು. ನೆಟ್‌ಸ್ಕೇಪ್ ಬೇಕಾದವರು ನಿಧಾನಗತಿಯ ಡಯಲಪ್‌ನಲ್ಲಿ ಕಾದು ಇಳಿಸಿಕೊಳ್ಳಬೇಕು. ಎಕ್ಸ್‌ಪ್ಲೋರರ್‌ಗೆ ಏನೂ ಮಾಡಬೇಕಿಲ್ಲ. 1998ರಲ್ಲಿ ಅಮೆರಿಕ ಸರ್ಕಾರ ಮೊಕದ್ದಮೆ ಹೂಡಿತು. ಕಂಪನಿಯನ್ನು ಇಬ್ಭಾಗ ಮಾಡಬೇಕೆಂಬ 2000ದ ಆದೇಶವನ್ನು ಮರುವರ್ಷ ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಅಷ್ಟರಲ್ಲಿ ನೆಟ್‌ಸ್ಕೇಪ್ ಸೋತಾಗಿತ್ತು.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಯುರೋಪಿನ ಪ್ರಸಂಗ. 2007ರಲ್ಲಿ ನಾರ್ವೆಯ ಒಪೆರಾ ಕಂಪನಿ ಯುರೋಪಿಯನ್ ಆಯೋಗಕ್ಕೆ ದೂರು ಕೊಟ್ಟಿತು. ಎರಡು ವರ್ಷಗಳ ನಂತರ ರಾಜಿಯಾಯಿತು: ಎಕ್ಸ್‌ಪ್ಲೋರರ್ ಡೀಫಾಲ್ಟ್ ಆಗಿರುವ ವಿಂಡೋಸ್ ಬಳಕೆದಾರರಿಗೆ ಮೈಕ್ರೋಸಾಫ್ಟ್ ಒಂದು ಆಯ್ಕೆಯ ಪರದೆ ತೋರಿಸಬೇಕು. 2010ರ ಮಾರ್ಚ್‌ನಿಂದ ಅದು ಕಾಣಿಸತೊಡಗಿತು. ಒಟ್ಟು 12 ಬ್ರೌಸರ್‌ಗಳು. ಕಣ್ಣೆದುರಿಗೆ ಐದು, ಉಳಿದವನ್ನು ಪಕ್ಕಕ್ಕೆ ಸರಿಸಿ ನೋಡಬೇಕು. ಆ ಐದರಲ್ಲಿ ಮೊದಲನೆಯದು ಯಾವುದು? ತಯಾರಕರ ಹೆಸರಿನ ಅಕಾರಾದಿಯಾದರೆ ಆಪಲ್‌ಗೆ ಲಾಭ ಎಂಬ ತಕರಾರು ಬಂದು, ಪ್ರತಿ ಸಲವೂ ಯಾದೃಚ್ಛಿಕವಾಗಿ ಕಲೆಸುವುದೆಂದು ತೀರ್ಮಾನವಾಯಿತು. ತಮಾಷೆಯೆಂದರೆ, ಆ ಕಲೆಸುವಿಕೆಯೇ ಸರಿಯಾಗಿರಲಿಲ್ಲ. ಐಬಿಎಂನ ರಾಬ್ ವೀರ್ ಪರೀಕ್ಷಿಸಿ ನೋಡಿದಾಗ, ಕೆಲವು ಬ್ರೌಸರ್‌ಗಳು ಕೆಲವು ಸ್ಥಾನಗಳಲ್ಲೇ ಮತ್ತೆ ಮತ್ತೆ ಬರುತ್ತಿದ್ದವು. ಇಸ್ಪೀಟೆಲೆ ಸರಿಯಾಗಿ ಕಲೆಸದೆ ಹಂಚಿದ ಹಾಗೆ. ಮೈಕ್ರೋಸಾಫ್ಟ್ ಅದನ್ನು ತಿದ್ದಿತು.

ಇಷ್ಟು ಚೌಕಾಸಿಯಿಂದ ಹುಟ್ಟಿದ ಪರದೆ 2011ರ ಮೇ ತಿಂಗಳಿಂದ 2012ರ ಜುಲೈವರೆಗೆ, ವಿಂಡೋಸ್ 7ರ ಪರಿಷ್ಕೃತ ಆವೃತ್ತಿಯಲ್ಲಿ ಕಾಣಿಸಲೇ ಇಲ್ಲ. ಆಯೋಗದ ಲೆಕ್ಕದಲ್ಲಿ ಒಂದೂವರೆ ಕೋಟಿ ಬಳಕೆದಾರರಿಗೆ ಆಯ್ಕೆ ತಪ್ಪಿತು. ತಾಂತ್ರಿಕ ದೋಷ ಎಂದು ಕಂಪನಿ ಕ್ಷಮೆ ಕೇಳಿತು; 2013ರ ಮಾರ್ಚ್‌ನಲ್ಲಿ 56.1 ಕೋಟಿ ಯೂರೋ ದಂಡ ಬಿತ್ತು. ದಂಡಕ್ಕಿಂತ ನನ್ನನ್ನು ಕಾಡುವುದು ಆ ಹದಿನಾಲ್ಕು ತಿಂಗಳ ಮೌನ. ಆಯ್ಕೆ ಕೇಳದೇ ಹೋದಾಗ ಇಲ್ಲವಾದದ್ದನ್ನು ಗಮನಿಸುವುದಾದರೂ ಹೇಗೆ? ತೋರಿಸದ ಪ್ರಶ್ನೆ ತನಗೆ ಬಾಕಿಯಿದೆ ಎಂದು ಬಳಕೆದಾರನಿಗೆ ಗೊತ್ತೇ ಇರುವುದಿಲ್ಲ.

ಪರದೆಯ ಅವಧಿ 2014ರ ಡಿಸೆಂಬರಿನಲ್ಲಿ ಮುಗಿಯಿತು. ಆ ಹೊತ್ತಿಗೆ ಕ್ರೋಮ್ ಮುಂದಿತ್ತು, ಜನ ಮೊಬೈಲಿಗೆ ಹೊರಳುತ್ತಿದ್ದರು. 2018ರ ಜುಲೈನಲ್ಲಿ ಅದೇ ಆಯೋಗ ಗೂಗಲ್‌ಗೆ 434 ಕೋಟಿ ಯೂರೋ ದಂಡ ಹಾಕಿತು. ಆರೋಪಗಳಲ್ಲೊಂದು: ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮನ್ನು ಮೊದಲೇ ಹಾಕಿ ಕೊಡುವಂತೆ ತಯಾರಕರನ್ನು ಕಟ್ಟಿಹಾಕಿದ್ದು.