ಓಲೆಗರಿಯಿಂದ ಇ-ಬುಕ್ ರೀಡರ್‌ವರೆಗೆ ವಚನಗಳ ಪಯಣ

ಸೊರಬ ತಾಲ್ಲೂಕಿನ ಹೊಸಬಾಳೆ ಹಾಗೂ ನೆರೆಯ ಶಿಕಾರಿಪುರ ಸೀಮೆಯು ಶರಣರ ಪಾದಸ್ಪರ್ಶದಿಂದ ಪುನೀತವಾದ ನೆಲ. ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇಂದಿನ ಶಿಕಾರಿಪುರ ತಾಲ್ಲೂಕಿನಲ್ಲಿವೆ. ಬಳ್ಳಿಗಾವಿಯ ಕೋಡಿಯಮಠವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ನೆಲೆಯಾಗಿತ್ತೆಂದು 1162ರ ಶಾಸನವು ಸಾರುತ್ತದೆ. ಆದರೆ ಅಂದು ಗ್ರಂಥವಿದ್ದೆಡೆಗೆ ಓದುಗನೇ ನಡೆದು ಹೋಗಬೇಕಿತ್ತು. ಗ್ರಂಥವೇ ಓದುಗನ ಬಳಿಗೆ ನಡೆದು ಬಂದ ಕಥೆಯೇ ವಚನ ಸಾಹಿತ್ಯದ ಮುಂದಿನ ಇತಿಹಾಸ.

ಶತಮಾನಗಳ ಕಾಲ ವಚನಗಳು ಓಲೆಗರಿಗಳಲ್ಲಿ ಉಳಿದು ಬಂದವು. ಗರಿಯ ಮೇಲೆ ಕಂಠದಿಂದ ಕೊರೆದು, ಕಪ್ಪು ತೊಡೆದು ಒಂದು ಪ್ರತಿ ಮಾಡುವುದು ಅತ್ಯಂತ ಶ್ರಮದ ಕಾಯಕ. ಮಲೆನಾಡಿನ ತೇವ, ಗೆದ್ದಲು, ಹುಳುಗಳಿಂದ ಅವನ್ನು ಕಾಪಾಡುವುದು ಇನ್ನೂ ಕಷ್ಟ. ಮರುಪ್ರತಿಯಾಗದ ಕಟ್ಟು ನಶಿಸಿದರೆ ಅದರೊಳಗಿನ ಶರಣರ ನುಡಿಯೂ ಅದರೊಂದಿಗೇ ಅಳಿಯುತ್ತಿತ್ತು.

ಈ ನಷ್ಟವನ್ನು ಮನಗಂಡವರು ಫ.ಗು. ಹಳಕಟ್ಟಿಯವರು (1880–1964). ಊರೂರು ಅಲೆದು ಓಲೆಗಳನ್ನು ಸಂಗ್ರಹಿಸಿದ ಅವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಸ್ವಂತ ಮನೆಯನ್ನೇ ಮಾರಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಕಟ್ಟಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳು ಜನರ ಕೈಗೆ ಪುಸ್ತಕಗಳಾಗಿ ಬಂದವು. ಆ ಪರಂಪರೆಯ ಫಲವಾಗಿ 1993ರಲ್ಲಿ ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ ಹೊರಬಂದಿತು.

ಆದರೆ ಆ 15 ಸಂಪುಟಗಳನ್ನು ಕೊಂಡು, ಮಳೆಗಾಲದ ಬೂಷ್ಟಿನಿಂದ ಕಾಪಾಡುವುದು ಹಳ್ಳಿಯ ಎಲ್ಲ ಮನೆಗಳಿಗೂ ಸಾಧ್ಯವಲ್ಲ. ಇಲ್ಲಿಯೇ ಇ-ಬುಕ್ ರೀಡರ್‌ನ ಉಪಕಾರ ಎದ್ದು ಕಾಣುತ್ತದೆ. ಸುಮಾರು 200 ಗ್ರಾಂ ತೂಕದ ಈ ಸಾಧನದಲ್ಲಿ ನೂರಾರು ಗ್ರಂಥಗಳು ಅಡಗುತ್ತವೆ. ಇದರ ಇ-ಇಂಕ್ ಪರದೆಯು ಕಾಗದದಂತೆಯೇ ಹೊರಗಿನ ಬೆಳಕಿನಲ್ಲಿ ಕಾಣುವುದರಿಂದ ಬಿಸಿಲಿನಲ್ಲಿಯೂ ಓದಬಹುದು. ಕಣ್ಣು ಮಂಜಾದ ಹಿರಿಯರು ಅಕ್ಷರಗಳನ್ನು ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು. ಮುದ್ರಿತ ಸಂಪುಟಗಳಲ್ಲಿ ಅಲ್ಲಮರ ವಚನಗಳು ಎರಡನೆಯದರಲ್ಲಿ, ಅಕ್ಕನ ವಚನಗಳು ಐದನೆಯದರಲ್ಲಿವೆ. ‘ಬಯಲು’ ಎಂಬ ಪದವನ್ನು ಇಬ್ಬರೂ ಹೇಗೆ ಬಳಸಿದ್ದಾರೆಂದು ತಿಳಿಯಲು ಅಲ್ಲಿ ದಿನಗಟ್ಟಲೆ ಪುಟ ತಿರುವಬೇಕು. ವಿದ್ಯುನ್ಮಾನ ಪಠ್ಯದಲ್ಲಿ ಕ್ಷಣಮಾತ್ರದಲ್ಲಿ ಹುಡುಕಬಹುದು. 20,000ಕ್ಕೂ ಹೆಚ್ಚು ವಚನಗಳನ್ನು ಹೀಗೆ ಹುಡುಕಲು ಅಂತರಜಾಲದ ‘ವಚನ ಸಂಚಯ’ ಅವಕಾಶ ಕಲ್ಪಿಸಿದೆ.

ಈ ಅನುಕೂಲಗಳು ತಾವಾಗಿಯೇ ಒದಗುವುದಿಲ್ಲ. ಪುಟಗಳ ಚಿತ್ರ ತೆಗೆದು ಮಾಡಿದ ಪ್ರತಿಯಲ್ಲಿ ಪದ ಹುಡುಕಲಾಗದು. ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪಠ್ಯವು, ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಇದು ಗೆದ್ದಲಿಲ್ಲದ ಗೆದ್ದಲು. ಯುನಿಕೋಡ್‌ನಲ್ಲಿ ಮೂಡಿದ ಪಠ್ಯವಾದರೆ ಯಂತ್ರ ಬದಲಾದರೂ ಉಳಿಯುತ್ತದೆ. ದೃಷ್ಟಿಹೀನರಿಗೆ ತಂತ್ರಾಂಶವು ಅದನ್ನು ಓದಿ ಹೇಳಲೂಬಲ್ಲದು. ಇನ್ನು ಒಂದು ತಪ್ಪು ಅಕ್ಷರವೂ ಇಲ್ಲಿ ಕ್ಷಣದಲ್ಲಿ ಸಾವಿರ ಪ್ರತಿಗಳಾಗಿ ಹರಡುತ್ತದೆ. ಆದುದರಿಂದ ಪಾಠಶುದ್ಧಿಯ ಹೊಣೆ ಹಳಕಟ್ಟಿಯವರ ಕಾಲಕ್ಕಿಂತ ಇಂದು ಹೆಚ್ಚಾಗಿದೆ. ಮನೆಯ ಅಟ್ಟದಲ್ಲಿ ಓಲೆಕಟ್ಟು ಇರುವವರು ಅದು ಪುಡಿಯಾಗುವ ಮೊದಲೇ ಬಲ್ಲವರಿಗೆ ತೋರಿಸಿ ಪ್ರತಿ ಮಾಡಿಸುವುದು ಇಂದಿನ ತುರ್ತು ಕಾಯಕ.

ಓಲೆ, ಕಾಗದ, ಪರದೆ ಇವೆಲ್ಲವೂ ಹೊರಗಣ ಪಾತ್ರೆಗಳು. ಒಳಗಿನ ಪ್ರಸಾದ ಒಂದೇ. ಪಾತ್ರೆ ಹಗುರವಾದಷ್ಟೂ ಅದು ಹೆಚ್ಚು ಕೈಗಳಿಗೆ ತಲುಪುತ್ತದೆ. ತಲುಪಿದ ಮೇಲೆ ಸವಿಯುವುದು, ನಡೆಯಲ್ಲಿ ತರುವುದು ಓದುವವರಿಗೆ ಸೇರಿದ್ದು.