ಕೋಡಿಗೆ ಕಾದ ತಾಲ್ಲೂಕು

ಚಿತ್ರದುರ್ಗ ಎಂದೊಡನೆ ಕಣ್ಣಿಗೆ ಕಟ್ಟುವುದು ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಒನಕೆ ಹಿಡಿದ ಓಬವ್ವ. ಶಾಲಾ ಮಕ್ಕಳ ಪ್ರವಾಸದ ಬಸ್ಸುಗಳು ಕೋಟೆಯ ಬಾಗಿಲಿಗೆ ಬಂದು, ಅಲ್ಲಿಂದಲೇ ಹಿಂದಿರುಗುತ್ತವೆ. ಜಿಲ್ಲೆಯ ಚರಿತ್ರೆಯೂ ಬಹುಮಟ್ಟಿಗೆ ಹಾಗೆಯೇ. 1779ರಲ್ಲಿ ದುರ್ಗ ಹೈದರಾಲಿಯ ವಶವಾಯಿತು ಎಂಬಲ್ಲಿಗೆ ಕಥೆ ಮುಗಿದುಬಿಡುತ್ತದೆ. ಆದರೆ ಕೋಟೆಯಿಂದ ದಕ್ಷಿಣಕ್ಕೆ ಸುಮಾರು ನಲವತ್ತು ಕಿಲೋಮೀಟರ್ ದೂರದ ಹಿರಿಯೂರಿನ ಕಥೆ ಆರಂಭವಾಗುವುದೇ ಪಾಳೆಗಾರರ ಕಾಲ ಮುಗಿದ ಮೇಲೆ. ಅಲ್ಲಿ ಕೋಟೆ, ಕತ್ತಿಗಳಿಗಿಂತ ಮಳೆ, ಕೆರೆ ಮತ್ತು ಕಾಲುವೆಗಳ ಮಾತೇ ಹೆಚ್ಚು.

ಹಿರಿಯೂರು ತಾಲ್ಲೂಕಿನಲ್ಲಿ ನಾಲ್ಕು ಹೋಬಳಿಗಳಿವೆ: ಕಸಬಾ, ಐಮಂಗಲ, ಜವನಗೊಂಡನಹಳ್ಳಿ ಮತ್ತು ಧರ್ಮಪುರ. ಬೆಂಗಳೂರಿನಿಂದ ದಾವಣಗೆರೆ, ಹುಬ್ಬಳ್ಳಿಗಳತ್ತ ಹೋಗುವವರು ಈ ಊರನ್ನು ಹೆದ್ದಾರಿಯ ಒಂದು ನಿಲುಗಡೆಯಾಗಿ ಮಾತ್ರ ಬಲ್ಲರು. ಮಲೆನಾಡಿಗೆ ಸುರಿದು ಉಳಿದ ಮುಂಗಾರು ಇಲ್ಲಿಗೆ ಬರುವ ಹೊತ್ತಿಗೆ ಬಸವಳಿದಿರುತ್ತದೆ. ವರ್ಷದ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಅದೂ ಹಿಂಗಾರಿನ ಕೃಪೆಯನ್ನೇ ಹೆಚ್ಚು ನೆಚ್ಚಿದೆ. ಇಂಥ ನೆಲದಲ್ಲಿ ಬದುಕಿದವರು ನೀರಿನ ಒಂದೊಂದು ದಾರಿಯನ್ನೂ ಲೆಕ್ಕವಿಟ್ಟುಕೊಂಡೇ ಬದುಕಬೇಕಾಯಿತು.

ಆ ಲೆಕ್ಕ ಈ ಸೀಮೆಗೆ ಹೊಸದೇನೂ ಅಲ್ಲ. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಪ್ರಸಿದ್ಧ ಬಂಡೆ ಶಾಸನವಿದೆ. ಅದರಲ್ಲಿ ಅವನು ಗೆದ್ದ ಅರಸು ಮನೆತನಗಳ ಪಟ್ಟಿ ಇರುವುದು ನಿಜ. ಆದರೆ ಶಾಸನವನ್ನು ಕೆತ್ತಿಸಿದ್ದು ಒಂದು ಕೆರೆಯ ನಿರ್ಮಾಣವನ್ನು ದಾಖಲಿಸಲು. ನಾಲ್ಕನೆಯ ಶತಮಾನದ ಅರಸನೂ ಈ ನೆಲದಲ್ಲಿ ತನ್ನ ಹೆಸರು ಉಳಿಯಬೇಕಾದರೆ ಕೆರೆ ಕಟ್ಟಿಸಬೇಕೆಂದು ತಿಳಿದಿದ್ದನೆನ್ನಬಹುದು.

ಬಾಬಾಬುಡನ್ ಗಿರಿಯಲ್ಲಿ ಹುಟ್ಟುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕಡೂರಿನ ಬಳಿ ಸೇರಿ ವೇದಾವತಿಯಾಗುತ್ತವೆ. ಹೊಸದುರ್ಗ ತಾಲ್ಲೂಕನ್ನು ಹಾದು ಹಿರಿಯೂರಿಗೆ ಬರುವ ಈ ನದಿಗೆ ಕೂಡಲಹಳ್ಳಿಯಲ್ಲಿ ಸುವರ್ಣಮುಖಿ ಜೊತೆಗೂಡುತ್ತದೆ. ಮುಂದೆ ಹಗರಿ ಎಂಬ ಹೆಸರಿನಿಂದ ಚಳ್ಳಕೆರೆಯ ಕಡೆ ಹರಿದು, ಕೊನೆಗೆ ತುಂಗಭದ್ರೆಯನ್ನು ಸೇರುತ್ತದೆ. ವರ್ಷದ ಬಹುಪಾಲು ದಿನ ಇದು ಮರಳಿನ ಹೊಳೆ. ಆದರೆ ಮೇಲೆ ಒಣಗಿದಂತೆ ಕಂಡರೂ ಮರಳಿನ ಒಡಲಲ್ಲಿ ನೀರಿರುತ್ತಿತ್ತು. ಮರಳನ್ನು ತೋಡಿ, ಒಸರುವ ನೀರನ್ನು ಸಣ್ಣ ಕಾಲುವೆಯಲ್ಲಿ ಹೊಲಕ್ಕೆ ಹರಿಸುವ ಪದ್ಧತಿ ಈ ಭಾಗದಲ್ಲಿ ಹಿಂದಿನಿಂದ ಇತ್ತು. ಅದಕ್ಕೆ ತಲಪರಿಗೆ ಎಂದು ಹೆಸರು. ಯಾವ ವರ್ಷ ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ಊರವರೇ ಕೂಡಿ ತೀರ್ಮಾನಿಸುತ್ತಿದ್ದರು.

ಇಂಥ ಎಚ್ಚರಿಕೆಯ ಬದುಕನ್ನೂ ಉರುಳಿಸಿದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನರ ಬಾಯಲ್ಲಿ ಅದು ಧಾತು ಈಶ್ವರದ ಬರ. ಸುಮಾರು ಐವತ್ತು ಲಕ್ಷ ಜನರಿದ್ದ ಮೈಸೂರು ಸಂಸ್ಥಾನದಲ್ಲಿ ಹತ್ತು ಲಕ್ಷದಷ್ಟು ಜನ ಹಸಿವು, ರೋಗಗಳಿಗೆ ಬಲಿಯಾದರೆಂದು ಅಂದಾಜು. ಬಯಲುಸೀಮೆಯ ತಾಲ್ಲೂಕುಗಳ ಪಾಡನ್ನು ಬೇರೆ ಹೇಳಬೇಕಾಗಿಲ್ಲ. ಆ ಬಳಿಕ ಸಂಸ್ಥಾನದ ಆಡಳಿತಕ್ಕೆ ನೀರಾವರಿ ಎಂಬುದು ಆದಾಯದ ಬಾಬ್ತು ಮಾತ್ರವಾಗಿ ಉಳಿಯಲಿಲ್ಲ, ಜೀವ ಉಳಿಸುವ ಕೆಲಸವೂ ಆಯಿತು.

ಮಾರಿಕಣಿವೆಯ ಗೋಡೆ

ಹಿರಿಯೂರಿನ ನೈಋತ್ಯಕ್ಕೆ, ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ಜಾಗದಲ್ಲಿ ವೇದಾವತಿ ನುಸುಳಿ ಹೊರಬರುತ್ತದೆ. ಅಲ್ಲಿ ನೆಲೆಸಿದ ಕಣಿವೆ ಮಾರಮ್ಮನಿಂದ ಆ ಜಾಗಕ್ಕೆ ಮಾರಿಕಣಿವೆ ಎಂಬ ಹೆಸರು. ಅಲ್ಲೊಂದು ಗೋಡೆ ಎಬ್ಬಿಸಿದರೆ ಹಿಂದಿನ ಬಯಲೆಲ್ಲ ಕೆರೆಯಾಗುತ್ತದೆ ಎಂಬುದು ನೋಡಿದವರಿಗೆ ಹೊಳೆಯುವ ಸಂಗತಿಯೇ. ಆದರೆ ಅದಕ್ಕೆ ಬೇಕಾದ ಹಣ ಮತ್ತು ಧೈರ್ಯ ಕೂಡಿಬಂದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಹತ್ತನೆಯ ಚಾಮರಾಜ ಒಡೆಯರು 1894ರಲ್ಲಿ ತೀರಿಕೊಂಡ ಮೇಲೆ ಅವರ ಪತ್ನಿ ಕೆಂಪನಂಜಮ್ಮಣ್ಣಿಯವರು 1902ರವರೆಗೆ ರೀಜೆಂಟರಾಗಿ ರಾಜ್ಯಭಾರ ವಹಿಸಿದ್ದರು. 'ವಾಣಿವಿಲಾಸ ಸನ್ನಿಧಾನ' ಎಂಬುದು ಅವರ ಬಿರುದು. ಕೆಲಸ ಆರಂಭವಾದಾಗ ದಿವಾನರಾಗಿದ್ದವರು ಕೆ. ಶೇಷಾದ್ರಿ ಅಯ್ಯರ್. ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಾಗ ಶೇಷಾದ್ರಿ ಅಯ್ಯರ್ ಬದುಕಿರಲಿಲ್ಲ. ಮಹಾರಾಣಿಯವರ ಬಿರುದಿನಿಂದ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂತು.

ಗೋಡೆಯ ಉದ್ದ ಕೇವಲ 1,330 ಅಡಿ. ಅದು ಹಿಡಿದಿಡಬಲ್ಲ ನೀರು ಮಾತ್ರ 30 ಟಿಎಂಸಿ ಅಡಿ. ತುಂಬಿದಾಗ ಹಿನ್ನೀರು ಸುಮಾರು 34 ಚದರ ಮೈಲಿ ಹರಡುತ್ತದೆ. ಕೃಷ್ಣರಾಜ ಸಾಗರದ ಕೆಲಸ ಆರಂಭವಾದದ್ದು 1911ರಲ್ಲಿ. ಅಲ್ಲಿಯವರೆಗೆ ಮೈಸೂರು ಸಂಸ್ಥಾನದಲ್ಲಿ ಇಷ್ಟು ದೊಡ್ಡ ಜಲಾಶಯ ಮತ್ತೊಂದಿರಲಿಲ್ಲ. ಸಿಮೆಂಟಿನ ಕಾಲ ಬರುವ ಮೊದಲು ಕಲ್ಲು, ಗಾರೆಗಳಿಂದ ಕಟ್ಟಿದ ಆ ಗೋಡೆ ಶತಮಾನ ಕಳೆದರೂ ಗಟ್ಟಿಯಾಗಿ ನಿಂತಿದೆ. ಕಲ್ಲು ಒಡೆಯುವ ಬೋವಿಗಳು, ಮಣ್ಣಿನ ಕೆಲಸದ ಉಪ್ಪಾರರು ಈ ಸೀಮೆಯ ಕೆರೆಕಟ್ಟೆಗಳ ಹಿಂದಿರುವ ಕೈಗಳು. ಮಹಾರಾಣಿ, ದಿವಾನರ ಹೆಸರುಗಳು ಉಳಿದಂತೆ ಅವರ ಹೆಸರುಗಳು ಯಾವ ಕಲ್ಲಿನ ಮೇಲೂ ಉಳಿದಿಲ್ಲ.

ನೀರಿನ ಜೊತೆ ಬಂದ ಚಳಿಜ್ವರ

ಅಣೆಕಟ್ಟು ಎದ್ದೊಡನೆ ಹಿರಿಯೂರು ಹಸಿರಾಯಿತು ಎಂದು ಬರೆದರೆ ಅದು ಸುಲಭದ ಚರಿತ್ರೆಯಾದೀತು. ನಡೆದದ್ದು ಬೇರೆ. ಎಡ ಮತ್ತು ಬಲ ದಂಡೆಯ ಕಾಲುವೆಗಳಲ್ಲಿ ನೀರು ಹರಿದರೂ ಅಚ್ಚುಕಟ್ಟು ನಿರೀಕ್ಷಿಸಿದ ವೇಗದಲ್ಲಿ ಬೆಳೆಯಲಿಲ್ಲ. ರಾಗಿ, ಜೋಳ ಬಿತ್ತಿ ಮಳೆಗೆ ಕಾಯುತ್ತಿದ್ದ ರೈತನಿಗೆ ಗದ್ದೆಯ ಬೇಸಾಯ ಹೊಸದು. ಗದ್ದೆ ಮಾಡಲು ಬೇಕಾದ ಎತ್ತು, ಆಳು, ಬಂಡವಾಳ ಎಲ್ಲರ ಬಳಿ ಇರಲಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನೀರು ನಿಂತಲ್ಲಿ ಸೊಳ್ಳೆ ಬಂತು, ಸೊಳ್ಳೆಯ ಜೊತೆ ಮಲೇರಿಯಾ ಬಂತು.

ಹಿರಿಯೂರು ಮೊದಲೇ ಆರೋಗ್ಯಕ್ಕೆ ಹೆಸರಾದ ಊರಲ್ಲ. ಹೈದರಾಲಿ ಮತ್ತು ಮರಾಠರ ಕಾಳಗಗಳಲ್ಲಿ ನಲುಗಿದ ಈ ಪಟ್ಟಣದಲ್ಲಿ ರೋಗದ ಕಾಟ ಹೆಚ್ಚೆಂದು, ಹೊಳೆಯ ಆಚೆ ದಡದ ಎತ್ತರದ ಜಾಗದಲ್ಲಿ ಹೊಸ ಬಡಾವಣೆ ಮಾಡಿ ಜನರನ್ನು ಒಯ್ಯುವ ಪ್ರಯತ್ನ ಅಣೆಕಟ್ಟಿಗೂ ಮುಂಚೆಯೇ ನಡೆದಿತ್ತು. ಕಾಲುವೆಗಳು ಬಂದ ಮೇಲೆ ಚಳಿಜ್ವರ ಇಡೀ ಅಚ್ಚುಕಟ್ಟಿನ ಸಮಸ್ಯೆಯಾಯಿತು. ಮೈಸೂರು ಸರ್ಕಾರ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ 1920ರ ದಶಕದ ಕೊನೆಯಲ್ಲಿ ಮಲೇರಿಯಾ ಅಧ್ಯಯನ ಕೈಗೊಂಡಾಗ ಅದಕ್ಕೆ ಆರಿಸಿಕೊಂಡ ಸ್ಥಳಗಳಲ್ಲಿ ಹಿರಿಯೂರೂ ಒಂದಾಗಿತ್ತು. ಯಾವ ಜಾತಿಯ ಸೊಳ್ಳೆ ಎಲ್ಲಿ ಮೊಟ್ಟೆಯಿಡುತ್ತದೆ, ಅದನ್ನು ಹೇಗೆ ಕೊಲ್ಲಬೇಕು ಎಂಬ ಪಾಠವನ್ನು ಅಲ್ಲಿನ ಕಾಲುವೆ, ಬಾವಿಗಳಿಂದಲೂ ಕಲಿಯಲಾಯಿತು. ಬರದಿಂದ ಕಾಪಾಡಬೇಕೆಂದು ತಂದ ನೀರಿಗೆ ಮೊದಲ ತಲೆಮಾರಿನ ಜನ ಜ್ವರದ ಸುಂಕ ತೆತ್ತರು.

ಕಾಲುವೆಯ ಪಕ್ಕ ಕ್ರಮೇಣ ಭತ್ತ, ಕಬ್ಬು, ತೆಂಗು, ಅಡಿಕೆ, ಬಾಳೆ ಬಂದವು. ಬಬ್ಬೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರ ನೆಲೆಗೊಂಡಿತು. ರೈತರ ಬಾಯಲ್ಲಿ ಅದು ಇಂದಿಗೂ 'ಬಬ್ಬೂರು ಫಾರಂ'. ಕಬ್ಬನ್ನು ನೆಚ್ಚಿ ವಾಣಿವಿಲಾಸ ಸಹಕಾರಿ ಸಕ್ಕರೆ ಕಾರ್ಖಾನೆ ಹುಟ್ಟಿತು. ಅದು ಬಾಗಿಲು ಮುಚ್ಚಿ ದಶಕಗಳೇ ಕಳೆದಿವೆ. ನೀರು ಖಾತರಿಯಿಲ್ಲದ ಕಡೆ ಕಬ್ಬು ಖಾತರಿಯಲ್ಲ, ಕಬ್ಬು ಖಾತರಿಯಿಲ್ಲದ ಕಡೆ ಕಾರ್ಖಾನೆಯೂ ಬಾಳುವುದು ಕಷ್ಟ.

ಕಾಲುವೆ ಮುಟ್ಟದ ಊರುಗಳು

ಕಾಲುವೆ ಮುಟ್ಟಿದ್ದು ತಾಲ್ಲೂಕಿನ ಒಂದು ಸಣ್ಣ ಭಾಗವನ್ನು ಮಾತ್ರ. ಉಳಿದದ್ದು ಶೇಂಗಾ, ರಾಗಿ, ಸಜ್ಜೆ, ಕುರಿ, ಮೇಕೆಗಳ ನಾಡು. ಇಲ್ಲಿನ ಬದುಕಿಗೆ ತನ್ನದೇ ಮುಖ ಕೊಟ್ಟವರು ಕಾಡುಗೊಲ್ಲರು. ಊರಿನಿಂದ ದೂರ, ಸುತ್ತಲೂ ಮುಳ್ಳಿನ ಬೇಲಿ ಕಟ್ಟಿಕೊಂಡು ಬಾಳಿದ ಅವರ ಹಟ್ಟಿಗಳು ಹಿರಿಯೂರು, ಚಳ್ಳಕೆರೆ, ಶಿರಾ ಕಡೆಗಳಲ್ಲಿ ಹರಡಿವೆ. ಜುಂಜಪ್ಪ, ಎತ್ತಪ್ಪ ಅವರ ಸಾಂಸ್ಕೃತಿಕ ವೀರರು. ಆ ವೀರರ ಕಥೆಗಳಲ್ಲಿ ಆನೆ, ಕುದುರೆಗಳಿಗಿಂತ ಹಸು, ಎತ್ತು, ಹುಲ್ಲುಗಾವಲುಗಳೇ ಮುಖ್ಯ. ವಿದ್ವಾಂಸ ತೀ.ನಂ. ಶಂಕರನಾರಾಯಣ ಅವರು ಕಾಡುಗೊಲ್ಲರ ಸಂಪ್ರದಾಯ, ನಂಬಿಕೆಗಳ ಕುರಿತು ವಿಸ್ತಾರವಾಗಿ ಅಧ್ಯಯನ ಮಾಡಿದ ಮೇಲೆ ಈ ಲೋಕ ಹೊರಗಿನವರಿಗೆ ಪರಿಚಯವಾಯಿತು.

ಆ ಲೋಕಕ್ಕೆ ಕಠೋರ ಮುಖವೂ ಇದೆ. ಮುಟ್ಟಾದ ಹೆಣ್ಣುಮಕ್ಕಳನ್ನು, ಹಸುಗೂಸಿನ ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿಯನ್ನು ದೇವರ ಹೆಸರಿನಲ್ಲಿ ಪಾಲಿಸಿಕೊಂಡು ಬರಲಾಯಿತು. ಸರ್ಕಾರ 'ಕೃಷ್ಣ ಕುಟೀರ' ಎಂಬ ಕಟ್ಟಡಗಳನ್ನು ಕಟ್ಟಿಸಿತು. ಬಿಸಿಲು, ಮಳೆಗಳಿಂದ ರಕ್ಷಣೆಯೇನೋ ದೊರೆಯಿತು, ಆದರೆ ಹೊರಗಿರಿಸುವುದಕ್ಕೇ ಒಂದು ಸೂರು ಒದಗಿಸಿದಂತಾಯಿತು ಎಂಬ ಆಕ್ಷೇಪವನ್ನೂ ತಳ್ಳಿಹಾಕುವಂತಿಲ್ಲ. ಓದಿದ ಹೆಣ್ಣುಮಕ್ಕಳು ಈ ಕಟ್ಟಳೆಯನ್ನು ಪ್ರಶ್ನಿಸತೊಡಗಿರುವುದೇ ಈಚಿನ ದೊಡ್ಡ ಬದಲಾವಣೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಬೇಕೆಂಬ ಸಮುದಾಯದ ಬೇಡಿಕೆಯೂ ಬಹಳ ಹಿಂದಿನದು.

ಆಂಧ್ರಕ್ಕೆ ಅಂಟಿಕೊಂಡ ಧರ್ಮಪುರ ಹೋಬಳಿಯ ಜನ ಕನ್ನಡದಷ್ಟೇ ಸಲೀಸಾಗಿ ತೆಲುಗು ಆಡಬಲ್ಲರು. ತಮ್ಮ ಕೆರೆಗೆ ಪೂರಕ ಕಾಲುವೆ ಬೇಕೆಂದು ಅವರು ಹಲವು ದಶಕ ಕೇಳಿದರು. ಒಂದೇ ತಾಲ್ಲೂಕಿನ ಒಂದು ಹೋಬಳಿ ಗದ್ದೆಗೆ ನೀರು ಬಿಡುವ ದಿನಾಂಕಕ್ಕೆ ಹೋರಾಡುತ್ತಿದ್ದಾಗ ಇನ್ನೊಂದು ಹೋಬಳಿ ಕುಡಿಯುವ ನೀರಿಗೆ ಕೊಡ ಹಿಡಿದು ನಿಂತಿತ್ತು. ಹಿರಿಯೂರಿನ ಒಳಗೆ ಎರಡು ಹಿರಿಯೂರುಗಳಿವೆ ಎನ್ನುವುದು ಇದರಿಂದಲೇ.

ಎಂಬತ್ತೊಂಬತ್ತು ವರ್ಷಗಳ ಕಾಯುವಿಕೆ

1933ರಲ್ಲಿ ವಾಣಿವಿಲಾಸ ಸಾಗರ ಮೊದಲ ಬಾರಿಗೆ ಕೋಡಿ ಬಿತ್ತು. ಎರಡನೆಯ ಬಾರಿ ಕೋಡಿ ಬೀಳಲು 2022ರ ಸೆಪ್ಟೆಂಬರ್ ಬರಬೇಕಾಯಿತು. ನಡುವೆ ಎಂಬತ್ತೊಂಬತ್ತು ವರ್ಷ. ಕೋಡಿಯ ಮಾತನ್ನು ಅಜ್ಜ ಅಜ್ಜಿಯರ ಬಾಯಲ್ಲಿ ಕೇಳಿದವರೇ ಮುದುಕರಾದರು. ಈ ನಡುವಿನ ಅವಧಿಯಲ್ಲಿ ಮೇಲಿನ ತಾಲ್ಲೂಕುಗಳಲ್ಲಿ ಕೆರೆಕಟ್ಟೆಗಳು, ಕೊಳವೆ ಬಾವಿಗಳು ಹೆಚ್ಚಿದವು. ಹೊಳೆಯ ಮರಳು ಲಾರಿಗಳಲ್ಲಿ ಪಟ್ಟಣಗಳಿಗೆ ಹೋಯಿತು. ಮರಳು ಹೋದ ಮೇಲೆ ತಲಪರಿಗೆಗೆ ಒಸರುವ ನೀರೆಲ್ಲಿಯದು? ಚಿತ್ರದುರ್ಗ ಪಟ್ಟಣಕ್ಕೂ ಇದೇ ಜಲಾಶಯದಿಂದ ಕುಡಿಯುವ ನೀರು ಹೋಗತೊಡಗಿ, ಹೊಲ ಮತ್ತು ನಲ್ಲಿಗಳ ನಡುವೆ ಹಂಚಿಕೆಯ ಪ್ರಶ್ನೆ ಎದ್ದಿತು. ಕಳೆದ ದಶಕದ ಬರಗಾಲದಲ್ಲಂತೂ ಜಲಾಶಯ ತಳ ಕಂಡು, ಅಚ್ಚುಕಟ್ಟಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತವು. ಟ್ಯಾಂಕರಿನಲ್ಲಿ ನೀರು ತಂದು ಅಡಿಕೆ ಉಳಿಸಿಕೊಳ್ಳಲು ಸಾಲ ಮಾಡಿದವರಿದ್ದರು.

ಭದ್ರಾ ಮೇಲ್ದಂಡೆ ಯೋಜನೆಗಾಗಿ ಜಿಲ್ಲೆಯ ಜನ ವರ್ಷಗಟ್ಟಲೆ ಧರಣಿ, ಪಾದಯಾತ್ರೆ ಮಾಡಿದ್ದು ಇದೇ ಕಾರಣಕ್ಕೆ. ಆ ಯೋಜನೆಯಲ್ಲಿ ವಾಣಿವಿಲಾಸ ಸಾಗರಕ್ಕೆ 2 ಟಿಎಂಸಿ ಅಡಿ ನೀರಿನ ಪಾಲಿದೆ. ಭದ್ರೆಯಿಂದ ಎತ್ತಿದ ನೀರು ವೇದಾವತಿಯ ಹಾದಿಯಲ್ಲಿ ಬರತೊಡಗಿತು, ಮಳೆಯೂ ಕೈಹಿಡಿಯಿತು. 2022ರಲ್ಲಿ ಕೋಡಿ ಬಿದ್ದಾಗ ನೋಡಲು ಜನಸಾಗರವೇ ಹರಿದುಬಂತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು.

ಆದರೆ ಹಿರಿಯೂರಿನ ಸಂಭ್ರಮ ಹೊಸದುರ್ಗದ ಸಂಕಟವೂ ಆಯಿತು. ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ಹೊಲ, ತೋಟ, ರಸ್ತೆಗಳು ಮುಳುಗಿದವು. ಸುಮಾರು ತೊಂಬತ್ತು ವರ್ಷ ತುಂಬದ ಕೆರೆಯ ಅಂಗಳ ಯಾರ ಕಣ್ಣಿಗೂ ಕೆರೆಯಾಗಿ ಕಾಣದಿದ್ದರೆ ಅಚ್ಚರಿಯಿಲ್ಲ. ಕೋಡಿಯ ಎತ್ತರ ತಗ್ಗಿಸಿ ಎಂದು ಮೇಲಿನವರು ಕೇಳಿದರೆ, ಒಂದು ಅಡಿಯನ್ನೂ ಬಿಟ್ಟುಕೊಡೆವು ಎಂದು ಕೆಳಗಿನವರು ಹೇಳಿದರು. ಎರಡು ಮಾತಿನಲ್ಲೂ ಸುಳ್ಳಿಲ್ಲ. ಅಂದು ಗೋಡೆ ಕಟ್ಟಿದಾಗ ಮುಳುಗಿದ ಹಳ್ಳಿಗಳ ಜನ ಏನು ಹೇಳಿದ್ದರೆಂದು ನೆನಪಿಡುವವರೂ ಉಳಿದಿಲ್ಲ. ಈಗಿನವರ ಮಾತನ್ನಾದರೂ ಕೇಳಿಸಿಕೊಳ್ಳುವುದು ನ್ಯಾಯ.

ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವದಲ್ಲಿ ಅಚ್ಚುಕಟ್ಟಿನ ತೋಟದವನೂ, ಹಟ್ಟಿಯ ಕುರಿಗಾಹಿಯೂ, ಗಡಿಯ ತೆಲುಗು ಮಾತಿನವನೂ ಒಂದೇ ತೇರಿಗೆ ಬಾಳೆಹಣ್ಣು ಎಸೆಯುತ್ತಾರೆ. ನೀರಿನ ವಿಷಯದಲ್ಲಿ ಅಂಥ ಒಂದೇ ತೇರು ಇನ್ನೂ ಸಿದ್ಧವಾಗಿಲ್ಲ. ಕೋಡಿ ಬಿದ್ದ ಎರಡು ವರ್ಷಗಳನ್ನು ನೋಡಿ ಬರ ಮುಗಿಯಿತೆಂದು ಎಲ್ಲರೂ ಅಡಿಕೆ ಸಸಿ ನೆಡಹೊರಟರೆ, ಒಣಗಿದ ತೆಂಗಿನ ತೋಟಗಳು ಹೇಳಿದ ಪಾಠ ವ್ಯರ್ಥವಾದಂತೆ. ಈ ತಾಲ್ಲೂಕಿನ ಹಿರಿಯರು ತಲಪರಿಗೆಯ ನೀರನ್ನು ಸರದಿಯ ಮೇಲೆ ಹಂಚಿಕೊಂಡಿದ್ದರು. 30 ಟಿಎಂಸಿ ಅಡಿಯನ್ನು ಹಂಚಿಕೊಳ್ಳುವುದಕ್ಕೂ ಅದೇ ವಿವೇಕ ಬೇಕು.